ಕ್ರೈಸ್ತ ಶಿಷ್ಯತ್ವ: ತ್ಯಾಗ ಮತ್ತು ಫಲ

ಶಿಷ್ಯನೆಂಬ ಪದವು ಉಪನಿಷತ್ತುಗಳ ಕಾಲದಿಂದಲೂ ನಮಗೆ ಪರಿಚಿತವಾದುದು. ಅಲ್ಲಿ ಸಮಿತ್ಪಾಣಿಯಾದ ಜಿಜ್ಞಾಸುವು ಗುರುವನ್ನು ಅರಸಿ ಹೋಗುತ್ತಾನೆ. ಕ್ರೈಸ್ತ ಸುವಾರ್ತೆಗಳಲ್ಲಿಯಾದರೋ ಸಾಮಾನ್ಯವಾಗಿ ಗುರುವೇ ಬಂದು ಕರೆಯುತ್ತಾನೆ. ಬಲೆಗಳನ್ನು ಸರಿಪಡಿಸುತ್ತಿದ್ದ ಯಾಕೋಬ, ಯೋಹಾನರು ಯೇಸುವಿನ ಕರೆಯನ್ನು ಕೇಳಿ, ತಂದೆಯಾದ ಜೆಬೆದಾಯನನ್ನು ಕೂಲಿಯಾಳುಗಳೊಡನೆ ದೋಣಿಯಲ್ಲಿಯೇ ಬಿಟ್ಟು ಹೊರಟರೆಂದು ಮಾರ್ಕನು ಹೇಳುತ್ತಾನೆ. ಅವರು ಬಿಟ್ಟುದು ವೃತ್ತಿಯನ್ನು ಮಾತ್ರವಲ್ಲ, ಮನೆಯನ್ನೂ ಹೌದು. ಈ ತ್ಯಾಗಕ್ಕೂ ಅದರ ಫಲಕ್ಕೂ ಇರುವ ಸಂಬಂಧವೆಂತಹುದೆಂಬುದನ್ನು ಇಲ್ಲಿ ವಿವೇಚಿಸುವೆವು.

ಮಾರ್ಕನ ಹತ್ತನೆಯ ಅಧ್ಯಾಯದಲ್ಲಿ, ತಾವು ಎಲ್ಲವನ್ನೂ ಬಿಟ್ಟು ಬಂದಿರುವುದಾಗಿ ಪೇತ್ರನು ಗುರುವಿಗೆ ನೆನಪಿಸುತ್ತಾನೆ. ಮನೆ, ಒಡಹುಟ್ಟಿದವರು, ತಾಯಿ, ತಂದೆ, ಮಕ್ಕಳು, ಭೂಮಿ ಇವನ್ನು ಬಿಟ್ಟವನಿಗೆ ಈ ಲೋಕದಲ್ಲಿ ನೂರ್ಮಡಿಯೂ ಮುಂದಣ ಲೋಕದಲ್ಲಿ ನಿತ್ಯಜೀವವೂ ದೊರೆಯುವುವೆಂಬುದು ಅವನಿಗೆ ಬಂದ ಉತ್ತರ. ಇಲ್ಲಿ ಎರಡು ಅಂಶಗಳನ್ನು ನಾವು ಗಮನಿಸಬೇಕು. ಬಿಟ್ಟವರ ಪಟ್ಟಿಯಲ್ಲಿ ತಂದೆಯುಂಟು. ಪಡೆಯುವವರ ಪಟ್ಟಿಯಲ್ಲಿ ಇಲ್ಲ. ಹೊಸ ಕುಟುಂಬಕ್ಕೆ ದೇವರೊಬ್ಬನೇ ತಂದೆಯೆಂಬುದು ಇದರ ತಾತ್ಪರ್ಯವೆಂದು ಕೆಲವು ವ್ಯಾಖ್ಯಾನಕಾರರ ಅಭಿಪ್ರಾಯ. ಎರಡನೆಯದಾಗಿ, ದೊರೆಯುವ ವಸ್ತುಗಳೊಡನೆಯೇ ಹಿಂಸೆಯೂ ಹೇಳಲ್ಪಟ್ಟಿದೆ. ಮತ್ತಾಯ, ಲೂಕರ ಪಾಠಗಳಲ್ಲಿ ಈ ಮಾತಿಲ್ಲ. ಆದುದರಿಂದ ನೂರ್ಮಡಿಯೆಂಬುದು ಸಂಪತ್ತಿನ ವೃದ್ಧಿಯಲ್ಲ. ಒಬ್ಬರಿಗೊಬ್ಬರು ಮನೆಯ ಬಾಗಿಲನ್ನು ತೆರೆಯುವ ವಿಶ್ವಾಸಿಗಳ ಬಾಂಧವ್ಯವೆಂದೇ ಅರ್ಥಮಾಡಬೇಕು.

ಇಪ್ಪತ್ತನೆಯ ಶತಮಾನದಲ್ಲಿ ಇದಕ್ಕೆ ಸ್ಪಷ್ಟವಾದ ನಿದರ್ಶನ ಜರ್ಮನಿಯ ಡೀಟ್ರಿಶ್ ಬಾನ್‌ಹೋಫರನ ಜೀವನ. ನಾಟ್ಸಿ ಆಡಳಿತದ ಹಿಡಿತವನ್ನು ವಿರೋಧಿಸಿದ ಕ್ರೈಸ್ತಸಭೆಯ ಪರವಾಗಿ ಅವನು 1935ರಿಂದ ಫಿಂಕೆನ್‌ವಾಲ್ಡೆಯಲ್ಲಿ ಧರ್ಮಬೋಧಕರನ್ನು ಶಿಕ್ಷಿತಗೊಳಿಸಿದನು. 1936ರಲ್ಲಿ ಬರ್ಲಿನ್ ವಿಶ್ವವಿದ್ಯಾನಿಲಯದಲ್ಲಿ ಬೋಧಿಸುವ ಅಧಿಕಾರವನ್ನು ಕಳೆದುಕೊಂಡನು. 1937ರಲ್ಲಿ ಗುಪ್ತ ಪೊಲೀಸರು ಆ ವಿದ್ಯಾಲಯವನ್ನೂ ಮುಚ್ಚಿಸಿದರು. ಅದೇ ವರ್ಷ ಪ್ರಕಟವಾದ ಶಿಷ್ಯತ್ವ ಕುರಿತ ಗ್ರಂಥದಲ್ಲಿ ಅವನು, ವಿಧೇಯತೆಯನ್ನು ಬೇಡದ ಕ್ಷಮೆಯನ್ನು ಅಗ್ಗದ ಕೃಪೆಯೆಂದು ಖಂಡಿಸಿದನು. ಆದರೆ ಅವನು ಪಡೆದುದೂ ಉಂಟು. ಫಿಂಕೆನ್‌ವಾಲ್ಡೆಯ ಸಹಜೀವನದ ಅನುಭವವೇ 1939ರಲ್ಲಿ ಪ್ರಕಟವಾದ ಅವನ ಇನ್ನೊಂದು ಕೃತಿಗೆ ಆಧಾರವಾಯಿತು.

1939ರ ಜೂನ್ ತಿಂಗಳಿನಲ್ಲಿ ಅಮೆರಿಕೆಯನ್ನು ಸೇರಿ ಸುರಕ್ಷಿತನಾಗಿದ್ದವನು ಕೆಲವೇ ವಾರಗಳಲ್ಲಿ ಹಿಂತಿರುಗಿದನು. ಸಂಕಟದಲ್ಲಿ ಸ್ವಜನರೊಡನೆ ಪಾಲುಗೊಳ್ಳದವನಿಗೆ ಮುಂದೆ ಅವರ ಪುನರ್ನಿರ್ಮಾಣದಲ್ಲಿ ಹಕ್ಕಿರದೆಂದು ಅವನು ಭಾವಿಸಿದನು. ಹಿಟ್ಲರನ ವಿರುದ್ಧದ ಒಳಸಂಚಿನಲ್ಲಿಯೂ ಸೇರಿದನು. 1943ರ ಜನವರಿಯಲ್ಲಿ ವಿವಾಹ ನಿಶ್ಚಯವಾಯಿತು, ಏಪ್ರಿಲಿನಲ್ಲಿ ಬಂಧನವಾಯಿತು. ವಿವಾಹ ನಡೆಯಲೇ ಇಲ್ಲ. 1945ರ ಏಪ್ರಿಲ್ 9ರಂದು ಫ್ಲೊಸೆನ್‌ಬ್ಯೂರ್ಗ್ ಶಿಬಿರದಲ್ಲಿ ಅವನನ್ನು ಗಲ್ಲಿಗೇರಿಸಿದರು. ಆಗ ಅವನ ವಯಸ್ಸು 39.

ತ್ಯಾಗವು ಕ್ರಯ, ಫಲವು ಸರಕು ಎಂದು ಗಣಿಸಿದರೆ ಈ ಜೀವನದ ಲೆಕ್ಕ ಸರಿಹೊಂದದು. ಅವನಿಗಾಗಿ ಕಾದಿದ್ದವಳ ನಷ್ಟವನ್ನು ಯಾವ ಫಲದಿಂದ ತುಂಬಬಹುದು? ಗೋಪುರವನ್ನು ಕಟ್ಟುವವನು ಮೊದಲು ವೆಚ್ಚವನ್ನು ಎಣಿಸಬೇಕೆಂಬ ದೃಷ್ಟಾಂತ ಲೂಕನಲ್ಲಿದೆ. ಎಣಿಸುವುದು ಲಾಭಕ್ಕಾಗಿ ಅಲ್ಲ; ಹಿಡಿದ ಕಾರ್ಯವನ್ನು ನಡುವೆ ಕೈಬಿಡದಿರಲೆಂದು. ಫಲವು ಶಿಷ್ಯನ ಕೂಲಿಯಲ್ಲ, ಆ ಹಾದಿಯಲ್ಲಿ ದೊರೆಯುವ ಸಂಗಾತವೆಂಬುದೇ ಸುವಾರ್ತೆಯ ಅಭಿಪ್ರಾಯವೆಂದು ನಮಗೆ ತೋರುತ್ತದೆ.