ಧ್ಯಾನಕೂಟವೂ ಸುಪ್ತಮನಸ್ಸೂ

ಕಥೋಲಿಕ ಸನ್ಯಾಸಿ ಸಂಘವಾದ ಯೇಸುಸಭೆಗೆ ಸೇರುವ ನವಾಭ್ಯಾಸಿ ಸುಮಾರು ಮೂವತ್ತು ದಿನ ಮೌನದಲ್ಲಿದ್ದು ಸಂತ ಇಗ್ನೇಷಿಯಸ್ ಲೊಯೋಲಾ ರೂಪಿಸಿದ ‘ಆಧ್ಯಾತ್ಮಿಕ ಸಾಧನೆ’ಗಳನ್ನು ಮುಗಿಸಬೇಕು. ಬೆಂಗಳೂರಿನಲ್ಲಿ ಹುಳಿಮಾವು ದಾಟಿದರೆ ಬನ್ನೇರುಘಟ್ಟ ರಸ್ತೆಯಲ್ಲೇ ಸಿಗುವ ಮೌಂಟ್ ಸೇಂಟ್ ಜೋಸೆಫ್ ಈ ಸಭೆಯವರ ನೆಲೆ. 1548ರಲ್ಲಿ ಅಚ್ಚಾದ ಆ ಸಾಧನೆಗಳ ಪುಸ್ತಕದಲ್ಲೇ ಕ್ರೈಸ್ತ ಅಧ್ಯಾತ್ಮ ಮತ್ತು ಸುಪ್ತಮನಸ್ಸನ್ನು ಶೋಧಿಸುವ ಆಳಮನಶ್ಶಾಸ್ತ್ರ ತೀರ ಹತ್ತಿರ ಬರುತ್ತವೆ.

ಅದು ಓದುವ ಪುಸ್ತಕವಲ್ಲ, ಮಾಡುವ ಪುಸ್ತಕ. ಯೇಸುವಿನ ಜನನವನ್ನು ಧ್ಯಾನಿಸುವವನು ಬೆತ್ಲೆಹೇಮಿನ ದಾರಿ ಎಷ್ಟು ಉದ್ದ, ಬಯಲೋ ಕಣಿವೆಯೋ, ಗವಿ ತಗ್ಗೋ ಎತ್ತರವೋ ಎಂದು ಮನಸ್ಸಿನಲ್ಲೇ ಕಾಣಬೇಕು. ಆಮೇಲೆ ಅಲ್ಲಿನ ಮಾತು ಕೇಳಬೇಕು, ಮುಟ್ಟಿ ನೋಡಬೇಕು. ಒಳಗೆ ಎದ್ದ ಸಂತೋಷ, ಬೇಸರ, ಕಣ್ಣೀರು ಎಲ್ಲವನ್ನೂ ಮಾರ್ಗದರ್ಶಿಗೆ ಹೇಳಬೇಕು. ಇಗ್ನೇಷಿಯಸ್ ಇದನ್ನು ಕಲಿತದ್ದು ಹಾಸಿಗೆಯಲ್ಲಿ. 1521ರಲ್ಲಿ ಪಾಂಪ್ಲೋನಾ ಕಾಳಗದಲ್ಲಿ ಕಾಲಿಗೆ ಗುಂಡು ತಗುಲಿ ಮಲಗಿದ್ದಾಗ ಶೌರ್ಯದ ಹಗಲುಗನಸು ಕೊನೆಗೆ ಮನಸ್ಸನ್ನು ಬರಡಾಗಿಸುತ್ತದೆ, ಸಂತರನ್ನು ಅನುಸರಿಸುವ ಕನಸು ಮುಗಿದ ಮೇಲೂ ನೆಮ್ಮದಿ ಉಳಿಸುತ್ತದೆ ಎಂಬುದನ್ನು ಆತ ಗಮನಿಸಿದ. ಮನಸ್ಸು ಬರಡಾಗಿರುವಾಗ ಹಿಂದೆ ಮಾಡಿದ ನಿರ್ಧಾರ ಬದಲಿಸಬಾರದು ಎಂಬ ಅವನ ನಿಯಮವನ್ನು ಇಂದಿನ ಆಪ್ತಸಮಾಲೋಚಕರೂ ಅಲ್ಲಗಳೆಯಲಾರರು.

ಜ್ಯೂರಿಕ್‌ನಲ್ಲಿ ಮನೋವೈದ್ಯ ಕಾರ್ಲ್ ಗುಸ್ಟಾವ್ ಯೂಂಗ್ 1939ರಲ್ಲಿ ಇದೇ ಸಾಧನೆಗಳ ಮೇಲೆ ಉಪನ್ಯಾಸಮಾಲೆ ಆರಂಭಿಸಿದರು. ಪ್ರಾಟೆಸ್ಟೆಂಟ್ ಪಾದ್ರಿಯ ಮಗನಾದ ಯೂಂಗ್ ಅದಕ್ಕೂ ಮುಂಚೆ, 1937–38ರ ಚಳಿಗಾಲದಲ್ಲಿ, ಭಾರತಕ್ಕೆ ಬಂದಿದ್ದರು. ಮೈಸೂರು ಮಹಾರಾಜರ ಗುರು ವಿ. ಸುಬ್ರಹ್ಮಣ್ಯ ಅಯ್ಯರ್ ಅವರ ಅತಿಥಿಯಾಗಿದ್ದು ದೀರ್ಘವಾಗಿ ಚರ್ಚಿಸಿದ್ದರು. ಯೂಂಗ್ ತಾವೇ ಬಳಸುತ್ತಿದ್ದ ‘ಸಕ್ರಿಯ ಕಲ್ಪನೆ’ಯೂ ಚಿತ್ರಗಳ ಮೂಲಕ ಒಳಗಿಳಿಯುವ ದಾರಿಯೇ. ಆದರೆ ಅಲ್ಲಿ ಚಿತ್ರ ಸುಪ್ತಮನಸ್ಸಿನಿಂದ ತಾನಾಗಿ ಏಳಬೇಕು. ಇಗ್ನೇಷಿಯಸ್‌ನಲ್ಲಿ ಶುಭಸಂದೇಶವೇ ಚಿತ್ರ ಕೊಡುತ್ತದೆ. ಎರಡನ್ನೂ ಒಂದೇ ಎನ್ನುವುದು ಈಗ ರೂಢಿ. ಅದು ಇಬ್ಬರಿಗೂ ಮಾಡುವ ಅನ್ಯಾಯ.

ಡೊಮಿನಿಕನ್ ಪಾದ್ರಿ ವಿಕ್ಟರ್ ವೈಟ್ 1945ರಿಂದ ಯೂಂಗ್ ಜೊತೆ ಪತ್ರವ್ಯವಹಾರ ನಡೆಸಿದರು. ಕೆಡುಕೆಂದರೆ ಒಳಿತಿನ ಕೊರತೆ ಎಂಬುದು ಧರ್ಮಸಭೆಯ ಹಳೆಯ ಬೋಧನೆ. ಮನಸ್ಸಿನ ಕತ್ತಲೆಯನ್ನು ದಿನವೂ ಕಾಣುವ ವೈದ್ಯರಾದ ಯೂಂಗ್ ಇದನ್ನು ಒಪ್ಪಲಿಲ್ಲ. 1952ರಲ್ಲಿ ಬಂದ ಅವರ ‘ಯೋಬನಿಗೆ ಉತ್ತರ’ ಕೃತಿ ದೇವರಲ್ಲೇ ಕತ್ತಲೆಯ ಮುಖ ಕಂಡಿತು. ಸ್ನೇಹ ಬಿರುಕು ಬಿಟ್ಟಿತು.

ಧರ್ಮಸಭೆ ಮಾತ್ರ ಮನಶ್ಶಾಸ್ತ್ರಕ್ಕೆ ಮೆಲ್ಲಗೆ ಬಾಗಿಲು ತೆರೆಯುತ್ತಿತ್ತು. ಪೋಪ್ ಹನ್ನೆರಡನೆಯ ಪಿಯುಸ್ 1953ರಲ್ಲಿ ಮನೋಚಿಕಿತ್ಸಕರನ್ನು ಉದ್ದೇಶಿಸಿ ಎಚ್ಚರಿಕೆಯೊಡನೆ ಸ್ವಾಗತದ ಮಾತಾಡಿದರು. ಪಾಲನಾಸೇವೆಯಲ್ಲಿ ಮನಶ್ಶಾಸ್ತ್ರವನ್ನೂ ಬಳಸಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೇಳಿತು. ಭಾರತದಲ್ಲಿ ಧ್ಯಾನ ಮತ್ತು ಮನಶ್ಶಾಸ್ತ್ರದ ಈ ಬೆಸುಗೆಯನ್ನು ಜನರ ಹತ್ತಿರ ತಂದವರು ಪುಣೆಯ ಯೇಸುಸಭೆ ಪಾದ್ರಿ ಆಂಟನಿ ಡಿಮೆಲ್ಲೊ. ಅವರ ‘ಸಾಧನಾ’ ಪುಸ್ತಕ ಪ್ರಕಟವಾದದ್ದು 1978ರಲ್ಲಿ. ತೀರಿಕೊಂಡು ಹನ್ನೊಂದು ವರ್ಷದ ಮೇಲೆ, 1998ರಲ್ಲಿ, ಅವರ ಕೆಲವು ವಿಚಾರಗಳು ವಿಶ್ವಾಸಕ್ಕೆ ಹೊಂದುವುದಿಲ್ಲವೆಂದು ವ್ಯಾಟಿಕನ್ ಸಾರಿತು. ಬೆಂಗಳೂರಿನಲ್ಲಿ ಯೇಸುಸಭೆಯ ಹ್ಯಾಂಕ್ ನನ್ ಬೇರೆಯದೇ ದಾರಿ ಹಿಡಿದರು. ತೀವ್ರ ಮನೋರೋಗಿಗಳು ಜೊತೆಗೂಡಿ ಬಾಳುತ್ತಲೇ ಚೇತರಿಸಿಕೊಳ್ಳುವ ಆತ್ಮಶಕ್ತಿ ವಿದ್ಯಾಲಯವನ್ನು 1979ರಲ್ಲಿ ಕಟ್ಟಿದರು.

ಪಾದ್ರಿಯ ಕೆಲಸ ಎಲ್ಲಿ ನಿಲ್ಲಬೇಕು, ನಿಮ್ಹಾನ್ಸ್‌ನಂಥ ಆಸ್ಪತ್ರೆಯದು ಎಲ್ಲಿ ಶುರುವಾಗಬೇಕು ಎಂಬುದು ಧ್ಯಾನಕೂಟಗಳಲ್ಲಿ ನಿಜವಾಗಿಯೇ ಏಳುವ ಪ್ರಶ್ನೆ. ಇಲ್ಲದ ದನಿ ಕೇಳುವವನಿಗೆ ದೀರ್ಘ ಮೌನ ಅಪಾಯಕಾರಿಯಾಗಬಹುದು. ಅವನಿಗೆ ಮೊದಲು ಬೇಕಾದವರು ವೈದ್ಯರು. ಗುಟ್ಟು ಕಾಯುವ ಕಟ್ಟಳೆಯೂ ಬೇರೆ ಬೇರೆ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಪಾದ್ರಿ ಯಾವ ಕಾರಣಕ್ಕೂ ಬಾಯಿಬಿಡುವಂತಿಲ್ಲ, ಬಿಟ್ಟರೆ ಬಹಿಷ್ಕಾರ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯೂ ರೋಗಿಯ ಗೋಪ್ಯತೆ ಕಾಯುತ್ತದೆ. ಆದರೆ ಇನ್ನೊಬ್ಬರಿಗೆ ಹಾನಿಯಾಗುವ ಸಂಭವವಿದ್ದರೆ ಅದನ್ನು ತಪ್ಪಿಸಲು ಬೇಕಾದಷ್ಟನ್ನು ತಿಳಿಸಲು ಚಿಕಿತ್ಸಕರಿಗೆ ಅವಕಾಶ ಕೊಡುತ್ತದೆ.