ಬದುವಿನ ಮೇಲಿನ ಮೆಕ್ಕೆ

ಮಳೆಗಾಲ ಮುಗಿಯುತ್ತ ಬಂದಾಗ ಆಲಮಟ್ಟಿಯ ಸುತ್ತಿನ ಎರೆಹೊಲಗಳಲ್ಲಿ ಒಮ್ಮೆ ನಡೆದು ನೋಡಿರಿ. ತೊಗರಿಯ ಸಾಲಿನ ನಡುವೆ, ಬದುವಿನ ಮೇಲೆ, ಯಾರೂ ಬಿತ್ತದ ಒಂದು ಬಳ್ಳಿ ನೆಲಕ್ಕೆ ಹಬ್ಬಿರುತ್ತದೆ. ಹೂವು ಹಳದಿ, ಕಾಯಿ ಲಿಂಬೆಯಷ್ಟು, ಹೆಚ್ಚೆಂದರೆ ಕೋಳಿಮೊಟ್ಟೆಯಷ್ಟು, ಮೈಮೇಲೆ ಹಸಿರು ಪಟ್ಟೆ. ಇದೇ ಕಾಡು ಮೆಕ್ಕೆ.

ಸೌತೆ, ಕರಬೂಜಗಳಂತೆ ಇದೂ ಕುಕುಮಿಸ್ ಕುಲದ್ದು. ಸಸ್ಯಶಾಸ್ತ್ರಜ್ಞ ರಾಕ್ಸ್‌ಬರ್ಗ್ ಇದನ್ನು ಕುಕುಮಿಸ್ ಟ್ರೈಗೋನಸ್ ಎಂದು ಕರೆದನು. ಇಂದು ಅನೇಕರು ಇದನ್ನು ಕರಬೂಜದ ಕಾಡುರೂಪವೆಂದೇ ಎಣಿಸುತ್ತಾರೆ. ಒಂದೇ ಬಳ್ಳಿಯಲ್ಲಿ ಗಂಡು ಹೂವೂ ಹೆಣ್ಣು ಹೂವೂ ಬೇರೆಬೇರೆಯಾಗಿರುತ್ತವೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿಯ ಆಕಾರ ಮೊದಲೇ ಕಾಣುತ್ತದೆ. ಪರಾಗವನ್ನು ಸಾಗಿಸುವುದು ಜೇನ್ನೊಣದ ಕೆಲಸ.

ಇದರ ದಾಯಾದಿ ಹಾವುಮೆಕ್ಕೆಯನ್ನು ಮಾತ್ರ ಬೇರೆಯಾಗಿ ಗುರುತಿಸಬೇಕು. ಅದರ ಎಲೆ ಕಲ್ಲಂಗಡಿಯ ಎಲೆಯಂತೆ ಆಳವಾಗಿ ಸೀಳಿರುತ್ತದೆ. ಕಾಯಿ ಗುಂಡಗೆ, ಕಿತ್ತಳೆಯಷ್ಟು ದೊಡ್ಡದು. ಹಣ್ಣಾದರೂ ತಿರುಳಿನ ಕಡುಕಹಿ ಹೋಗುವುದಿಲ್ಲ. ಹಿಂದಿನಿಂದಲೂ ಅದು ತೀಕ್ಷ್ಣ ಭೇದಿಯ ಔಷಧ. ಪ್ರಮಾಣ ಮೀರಿದರೆ ಕರುಳಿಗೆ ಗಾಯ, ರಕ್ತಭೇದಿ.

ಈ ಕಹಿಗೆ ಕಾರಣ ಕುಕುರ್ಬಿಟಾಸಿನ್ ಎಂಬ ರಾಸಾಯನಿಕಗಳ ಗುಂಪು. ಸೌತೆಯಲ್ಲಿ ಅದರ ‘ಸಿ’ ರೂಪ, ಕರಬೂಜದಲ್ಲಿ ‘ಬಿ’, ಹಾವುಮೆಕ್ಕೆಯಲ್ಲಿ ‘ಇ’. ಬೀಜ ಬಲಿಯುವವರೆಗೆ ಕಾಯಿಯನ್ನು ಕಾಯುವ ಕಾವಲುಗಾರ ಇದೇ. ಕಾಡು ಮೆಕ್ಕೆಯ ಎಳೆಗಾಯಿಯೂ ಕಹಿಯೇ. ಹಣ್ಣಾದಂತೆ ಕಹಿ ತಗ್ಗಿ, ಹುಳಿ ಮತ್ತು ಪರಿಮಳ ಬರುತ್ತವೆ. ನಾವು ತಿನ್ನುವ ಸೌತೆ ಸಿಹಿಯಾದುದು ತಲೆಮಾರುಗಳ ಕಾಲ ರೈತರು ಕಹಿಯಿಲ್ಲದ ಕಾಯಿಯ ಬೀಜವನ್ನೇ ಆರಿಸಿ ಬಿತ್ತಿದುದರಿಂದ. ಆದರೂ ಮನೆಯ ಸೌತೆ, ಸೋರೆಗಳಲ್ಲಿ ಒಮ್ಮೊಮ್ಮೆ ಹಳೆಯ ಕಹಿ ಮರಳುವುದುಂಟು. ಬೇಯಿಸಿದರೂ ಅದು ಹೋಗದು. ಕಹಿ ಸೋರೆರಸ ಕುಡಿದು ಸತ್ತವರೂ ಉಂಟು. ಆದ್ದರಿಂದ ನಾಲಗೆಗೆ ಕಹಿ ತಾಕಿದೊಡನೆ ಉಗುಳಿಬಿಡಿ, ಔಷಧವೆಂದು ನುಂಗಬೇಡಿ.

ಇನ್ನು ಉಪಯೋಗ. ರಾಜಸ್ಥಾನದಲ್ಲಿ ಇದೇ ಬಗೆಯ ಕಾಯಿಗೆ ಕಚರಿ ಎಂದು ಹೆಸರು. ಅದನ್ನು ಒಣಗಿಸಿ ಪುಡಿಮಾಡಿ ಹುಳಿಗಾಗಿ ಅಡುಗೆಗೆ ಬೆರೆಸುತ್ತಾರೆ, ಮಾಂಸಕ್ಕೂ ಸವರುತ್ತಾರೆ. ಅದರಲ್ಲಿರುವ ಕಿಣ್ವವು ಪ್ರೋಟೀನನ್ನು ಒಡೆದು ಮಾಂಸವನ್ನು ಮೆದುಗೊಳಿಸುತ್ತದೆ.

ಇದಕ್ಕೂ ಹಿರಿದಾದ ಬೆಲೆ ಬೀಜದಲ್ಲಿದೆ. 1920ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬೂದಿರೋಗವು ಕರಬೂಜದ ಬೆಳೆಯನ್ನು ಕೆಡಿಸಿತು. ರೋಗ ತಡೆಯುವ ಗುಣ ದೊರೆತುದು ಭಾರತದಿಂದ ಹೋದ ಕರಬೂಜದ ಬೀಜದಲ್ಲಿ. ಅದರಿಂದ 1936ರಲ್ಲಿ ಹೊಸ ತಳಿಯೊಂದು ಹೊರಬಂದಿತು. ಅಂತಹ ಗುಣಗಳು ನಮ್ಮ ಬದುಗಳ ಬಳ್ಳಿಗಳಲ್ಲಿಯೂ ಅಡಗಿರಬಹುದು. ಬದುವನ್ನೆಲ್ಲ ಸವರಿ ಕಳೆನಾಶಕ ಸಿಂಪಡಿಸಿದಲ್ಲಿ ಅವು ಉಳಿಯಲಾರವು. ಮುಂದಿನ ಸಲ ಕಳೆ ಕೀಳುವಾಗ ಬದುವಿನ ಮೇಲೆ ಒಂದೆರಡು ಮೆಕ್ಕೆಯ ಬಳ್ಳಿಗಳನ್ನು ಹಾಗೆಯೇ ಬಿಡಿರಿ.