ಒಲೆಯ ಹೊಗೆಗೆ ದಾರಿ ಮಾಡಿಕೊಡೋಣ

ದಾಸೋಹದ ಅನ್ನವು ಬೇಯುವುದು ಒಲೆಯ ಮೇಲೆ. ಬಡಿಸುವ ಕೈಯನ್ನು ಗೌರವಿಸುವ ನಾವು, ಆ ಒಲೆಯ ಮುಂದೆ ಕುಳಿತ ತಾಯಂದಿರ ಕಣ್ಣು ಮತ್ತು ಎದೆಯ ಕಡೆಗೂ ಗಮನ ಹರಿಸಬೇಕಾಗಿದೆ. ಬಂಗಾರಪೇಟೆಯ ಸುತ್ತಲಿನ ಹಳ್ಳಿಗಳಿಗೂ ಕೋಲಾರ ಚಿನ್ನದ ಗಣಿ ಪ್ರದೇಶದ ಹಳೆಯ ವಸತಿಸಾಲುಗಳಿಗೂ ಅಡುಗೆ ಅನಿಲ ಬಂದಿದೆ. ಆದರೂ ಅನೇಕ ಮನೆಗಳಲ್ಲಿ ಬಚ್ಚಲಿನ ಹಂಡೆಯ ಕೆಳಗೆ, ಹಿತ್ತಲಿನ ಮುದ್ದೆಯ ಒಲೆಯಲ್ಲಿ ನೀಲಗಿರಿ ಸೌದೆಯೋ ಹಿಪ್ಪುನೇರಳೆ ಕಡ್ಡಿಯೋ ಇಂದಿಗೂ ಉರಿಯುತ್ತಿದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಮಂದಿ ಮರಣ ಹೊಂದಿದರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ.

ಗಾಳಿಯ ಬೆಲೆ ಈ ನೆಲಕ್ಕೆ ಹೊಸದಲ್ಲ. ಮೂರು ಕಿಲೋಮೀಟರಿಗೂ ಹೆಚ್ಚು ಆಳವಾಗಿದ್ದ ಚಾಂಪಿಯನ್ ರೀಫ್ ಗಣಿಯಲ್ಲಿ ಶುದ್ಧ ಗಾಳಿ ಕೆಳಗಿಳಿಯಲು ಒಂದು ದಾರಿ, ಕೆಟ್ಟ ಗಾಳಿ ಮೇಲೇರಲು ಇನ್ನೊಂದು ದಾರಿ ಇರಬೇಕಾಗಿತ್ತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಆದರೆ ಕಲ್ಲಿನ ಧೂಳನ್ನು ಉಸಿರಾಡಿ ಸಿಲಿಕೋಸಿಸ್ ತಗುಲಿಸಿಕೊಂಡವರ ಶ್ವಾಸಕೋಶವು ಮತ್ತೆ ಮೊದಲಿನಂತಾಗುವುದಿಲ್ಲ. ಅಂಥ ಹಿರಿಯರಿರುವ ಮನೆಯಲ್ಲಿ ಒಲೆಯ ಹೊಗೆ ಗಾಯದ ಮೇಲಿನ ಬರೆಯಂತೆ. ಆದುದರಿಂದ ಗಣಿಯ ನಿಯಮವನ್ನೇ ಒಲೆಗೂ ಅನ್ವಯಿಸಿಕೊಳ್ಳೋಣ: ಗಾಳಿ ಒಳಬರುವ ದಾರಿ, ಹೊಗೆ ಹೊರಹೋಗುವ ದಾರಿ, ಎರಡೂ ತೆರೆದಿರಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ರೂಪಿಸಿದ ಅಸ್ತ್ರ ಒಲೆಯ ಗುಟ್ಟು ಇದೇ ಆಗಿದೆ. ಸೌದೆಯು ಜಾಲರಿಯ ಮೇಲೆ ಉರಿಯುತ್ತದೆ. ಗಾಳಿ ಕೆಳಗಿನಿಂದ ಏರುತ್ತದೆ. ಬಿಸಿಹೊಗೆಯು ಪಾತ್ರೆಗಳ ತಳವನ್ನು ಕಾಯಿಸಿಕೊಂಡು ಕೊಳವೆಯ ಮೂಲಕ ಮಾಡಿನಾಚೆ ಹೋಗುತ್ತದೆ. ಕೊಳವೆಯಿರುವ ಯಾವ ಒಲೆಯಾದರೂ ಹೊಗೆಯನ್ನು ಮನೆಯೊಳಗೇ ಕಾರತೊಡಗಿದರೆ, ಒಲೆಯನ್ನು ಒಡೆಯುವ ಮುನ್ನ ಕೆಳಕಂಡ ಕ್ರಮದಲ್ಲಿ ಪರೀಕ್ಷಿಸಬಹುದು.

ಮೊದಲು, ಹೊತ್ತಿಸಿದ ಊದುಬತ್ತಿಯನ್ನು ಉರಿಯುತ್ತಿರುವ ಒಲೆಯ ಬಾಯಿಯ ಬಳಿ ಹಿಡಿಯಿರಿ. ಅದರ ಹೊಗೆ ಒಳಕ್ಕೆ ಸೆಳೆಯಲ್ಪಟ್ಟರೆ ದಾರಿ ಸರಿಯಾಗಿದೆ. ಕೋಣೆಯ ಕಡೆಗೆ ತಿರುಗಿದರೆ ಎಲ್ಲೋ ತಡೆಯಿದೆ. ಹೊತ್ತಿಸಿದ ಆರಂಭದಲ್ಲಿ ಮಾತ್ರ ಹೊಗೆ ಹಿಂದಿರುಗುತ್ತಿದ್ದರೆ ಕೊಳವೆ ತಣ್ಣಗಿದೆ ಎಂದರ್ಥ. ಒಂದು ಹಿಡಿ ಒಣಹುಲ್ಲು ಉರಿಸಿ ಕೊಳವೆ ಬಿಸಿಯಾದ ಮೇಲೆ ಸೌದೆ ಇಡಬೇಕು. ಯಾವಾಗಲೂ ಹೊಗೆ ಬರುತ್ತಿದ್ದರೆ ಜಾಲರಿಯ ಕೆಳಗಿನ ಬೂದಿಯನ್ನು ನೋಡಿರಿ. ಅದನ್ನು ದಿನವೂ ತೆಗೆಯಬೇಕು. ಬಳಿಕ ಪಾತ್ರೆ ಕೂರುವ ಕಂಡಿಗಳನ್ನು ಗಮನಿಸಿರಿ. ಪಾತ್ರೆ ಇಡದ ಕಂಡಿಯನ್ನು ಮುಚ್ಚದಿದ್ದರೆ ಅಲ್ಲಿಂದ ಗಾಳಿ ನುಗ್ಗಿ ಕೊಳವೆಯ ಸೆಳೆತ ಕುಗ್ಗುತ್ತದೆ. ಬಿರುಕುಗಳನ್ನು ಮಣ್ಣಿನಿಂದ ಮೆತ್ತಬೇಕು.

ಮೂರನೆಯದು ಮಸಿ. ಹಸಿಸೌದೆ ಉರಿಸುವ ಮನೆಯಲ್ಲಿ ಕೊಳವೆಯು ಬೇಗನೆ ಕಟ್ಟಿಕೊಳ್ಳುತ್ತದೆ. ಒಲೆ ಪೂರ್ತಿ ಆರಿದ ಮೇಲೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಉದ್ದ ಕೋಲಿಗೆ ತೆಂಗಿನ ನಾರು ಬಿಗಿದು ತಿಂಗಳಿಗೊಮ್ಮೆ ಉಜ್ಜಿ ತೆಗೆಯುವುದು ಒಳಿತು. ಉಬ್ಬಸವಿರುವವರೂ ಹಿಂದೆ ಗಣಿಯಲ್ಲಿ ದುಡಿದವರೂ ಈ ಕೆಲಸಕ್ಕೆ ಕೈಹಾಕಬಾರದು. ಹಳೆಯ ಕೊಳವೆ ಕಲ್ನಾರಿನದಾಗಿದ್ದರೆ ಅದನ್ನು ಉಜ್ಜಬಾರದು, ಕೊಯ್ಯಬಾರದು. ನೀರಿನಿಂದ ನೆನೆಸಿ ಇಡಿಯಾಗಿ ತೆಗೆಸಿ ತಗಡಿನ ಕೊಳವೆ ಹಾಕಿಸಬೇಕು. ಕೊಳವೆಯ ತುದಿಯು ಮಾಡಿನ ನೆತ್ತಿಗಿಂತ ಕನಿಷ್ಠ ಎರಡು ಅಡಿ ಮೇಲಿರಲಿ. ಪಕ್ಕದಲ್ಲಿ ಎತ್ತರದ ಮಹಡಿ ಎದ್ದಿದ್ದರೆ ಅಲ್ಲಿಗೆ ಬಡಿದ ಗಾಳಿಯು ಹೊಗೆಯನ್ನು ಕೆಳಕ್ಕೆ ತಳ್ಳುವುದುಂಟು. ಆಗ ಕೊಳವೆಯನ್ನು ಎತ್ತರಿಸಿ ಟೊಪ್ಪಿಗೆ ಹಾಕಿಸಬೇಕು.

ಒತ್ತಿದ ಉಂಡೆ ಇಂಧನವನ್ನು, ಅಂದರೆ ಪೆಲೆಟ್‌ಗಳನ್ನು ಉರಿಸುವ ಫ್ಯಾನಿನ ಒಲೆಗಳೂ ಕೆಲವರ ಬಳಿ ಇವೆ. ಇವುಗಳಲ್ಲಿ ಸ್ವಲ್ಪ ಗಾಳಿ ಕೆಳಗಿನಿಂದ ಹೋಗಿ ಇಂಧನವನ್ನು ಅನಿಲವಾಗಿಸುತ್ತದೆ. ಮೇಲಿನ ಸಣ್ಣ ರಂಧ್ರಗಳಿಂದ ಬರುವ ಗಾಳಿಯು ಆ ಅನಿಲವನ್ನು ಪೂರ್ಣವಾಗಿ ಉರಿಸುತ್ತದೆ. ರಂಧ್ರಗಳಲ್ಲಿ ಬೂದಿ ಕಟ್ಟಿದರೆ, ಫ್ಯಾನಿಗೆ ಧೂಳು ಹಿಡಿದರೆ, ಮಳೆಗಾಲದ ತೇವಕ್ಕೆ ಪೆಲೆಟ್ ಮೆತ್ತಗಾದರೆ ನೀಲಿಜ್ವಾಲೆ ಹೋಗಿ ದಟ್ಟಹೊಗೆ ಏಳುತ್ತದೆ. ಒಲೆ ತಣ್ಣಗಾದ ಮೇಲೆ ಕಡ್ಡಿಯಿಂದ ರಂಧ್ರ ಬಿಡಿಸುವುದು, ಪೆಲೆಟ್‌ಗಳನ್ನು ಮುಚ್ಚಳವಿರುವ ಡಬ್ಬದಲ್ಲಿ ಇಡುವುದು ಇದಕ್ಕೆ ಪರಿಹಾರ.

ಮಾರ್ಗಶಿರ, ಪುಷ್ಯ ಮಾಸಗಳ ಚಳಿಗೆ ಕಿಟಕಿ ಬಾಗಿಲುಗಳನ್ನು ಭದ್ರವಾಗಿ ಮುಚ್ಚುವುದು ವಾಡಿಕೆ. ಒಳಬರುವ ಗಾಳಿ ನಿಂತರೆ ಶುಚಿಯಾದ ಕೊಳವೆಯೂ ಎಳೆಯಲಾರದು. ಕೆಂಡ ತುಂಬಿದ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಗೆ ತರುವುದಂತೂ ಪ್ರಾಣಾಪಾಯ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣದಿದ್ದರೂ ಅದು ಇರಬಲ್ಲದು. ಒಲೆಯ ಬಳಿ ಇದ್ದವರಿಗೆ ತಲೆನೋವು, ತಲೆಸುತ್ತು, ವಾಕರಿಕೆ ಒಮ್ಮೆಗೇ ಕಾಣಿಸಿಕೊಂಡರೆ ಎಲ್ಲರನ್ನೂ ತಕ್ಷಣ ಬಯಲಿಗೆ ಕರೆತಂದು ಆಸ್ಪತ್ರೆಗೆ ಒಯ್ಯಬೇಕು. ಬಚ್ಚಲೊಲೆ ಉರಿಯುವಾಗ ಒಳಗೆ ಚಿಲಕ ಹಾಕಿಕೊಂಡು ಸ್ನಾನ ಮಾಡಬಾರದು.

ತಾಯಂದಿರು ಹೊಗೆಯನ್ನು ತಮ್ಮ ಪಾಲಿನ ಕಷ್ಟವೆಂದು ಸಹಿಸಿಕೊಂಡು ಹೇಳದೆ ಇರುತ್ತಾರೆ. ಎರಡು ವಾರಕ್ಕೂ ಮೀರಿದ ಕೆಮ್ಮನ್ನು ವೈದ್ಯರಿಗೆ ತೋರಿಸಲೇಬೇಕು. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ನಂಬಿದ ನಾವು, ಬೂದಿ ತೆಗೆಯುವ, ಮಸಿ ಉಜ್ಜುವ ಕೆಲಸವನ್ನು ಮನೆಯ ಗಂಡಸರ ಪಾಲಿಗೂ ತೆಗೆದುಕೊಳ್ಳೋಣ. ಮುಂದಿನ ಅಮಾವಾಸ್ಯೆಗೆ ಮನೆ ಸಾರಿಸುವ ದಿನವೇ ಕೊಳವೆಯನ್ನೂ ಶುಚಿಗೊಳಿಸಿ ಆರಂಭಿಸಬಹುದು.